ಹಗುರ ಕಪ್ಪೆ

ಮೂರನೆಯ ಸಲವೂ ತಕ್ಕಡಿ ಅದನ್ನೇ ತೋರಿಸಿತು. ೭.೬೨ ಗ್ರಾಂ.

ತಟ್ಟೆಯ ಮೇಲಿದ್ದದ್ದು ಒಂದು ವಾಷರ್. ನಡುವೆ ತೂತು, ತೂತಿನ ಸುತ್ತ ಬೋಲ್ಟು ಉಜ್ಜಿ ಉಜ್ಜಿ ಹೊಳಪು ಬಂದ ಬಳೆ, ಅಂಚಿನಲ್ಲಿ ಕಲ್ಲಿನಂತೆ ಗಟ್ಟಿಯಾದ ಗ್ರೀಸು. ಆ ಬಳೆಯ ಆಚೆ ಎರಡು ಉಬ್ಬುಗಣ್ಣು, ಮಡಿಸಿಕೊಂಡ ನಾಲ್ಕು ಕಾಲು ಇನ್ನೂ ಉಳಿದಿದ್ದವು. ಮೂರು ಸಾವಿರ ವರ್ಷದ ಹಿಂದೆ ಈ ನೆಲದ ಮೂಲ ಜನ ನೀರಿನ ಕಲ್ಲುಬಾನಿಗಳ ಮೇಲೆ ಕೊರೆದಿದ್ದ ಕಪ್ಪೆ. ಬೆಲೆ ಏರಿದ ವರ್ಷಗಳಲ್ಲಿ ಸರ್ಕಾರ ಅದನ್ನು ಕರೆತಂದು ಐದು ಸಾವಿರದ ನಾಣ್ಯದ ಮೇಲೆ ಕೂರಿಸಿತ್ತು.

ಎದುರಿನ ಸ್ಟೂಲಿನ ಮೇಲೆ, ಟಂಕಸಾಲೆಯಲ್ಲಿ ನಾಣ್ಯದ ಅಚ್ಚು ಕೆತ್ತುತ್ತಿದ್ದ ಅಚ್ಚಿನ ಮೇಷ್ಟ್ರ ಮಗಳು ಕೂತಿದ್ದಳು. ಬೀಗದ ಕೈ ಮಾಡಿಕೊಡುವ ಅಂಗಡಿ ಅವಳದ್ದು. ಬೆರಳ ಸಂದಿಯಲ್ಲಿ ಹಿತ್ತಾಳೆಯ ಪುಡಿ, ತೊಡೆಯ ಮೇಲೆ ತಂದೆಯ ಮಾತ್ರೆಗಳ ಚೀಲ.

ಹಲ್ಲಿನ ಡಾಕ್ಟರ ಸಂಗ್ರಹದಲ್ಲಿದ್ದ ಕಪ್ಪೆ ನಾಣ್ಯ ಖೋಟಾ ಎಂದು ನಾಲ್ಕು ದಿನದ ಹಿಂದೆ ಬರೆದು ಸಹಿ ಮಾಡಿದವಳು ನಾನು. ಆ ಸಹಿಯ ಬಲದ ಮೇಲೆಯೇ ಇವಳ ತಂದೆ ಠಾಣೆಯಲ್ಲಿದ್ದರು.

ಅವಳು ಅಳಲಿಲ್ಲ, ಬೈಯಲಿಲ್ಲ. ನಡೆದದ್ದನ್ನು ಗಿರಾಕಿಗೆ ಬೀಗದ ರಿಪೇರಿ ವಿವರಿಸುವಂತೆ ಹೇಳಿದಳು. ಅಂಗಡಿ ತೆರೆದಾಗ ತಂದೆ, ಲೋಹ ಕಚ್ಚಿ ಹಿಡಿಯುವ ತಮ್ಮ ಹಳೆಯ ವೈಸನ್ನು ಕೊಟ್ಟಿದ್ದರಂತೆ. ನಿನ್ನೆ ಅದರ ಬುಡ ಸಡಿಲವಾಯಿತೆಂದು ಬೋಲ್ಟು ಬಿಚ್ಚಿದರೆ ಕೆಳಗೆ ಈ ಕಪ್ಪೆ. ಒಡನೆಯೇ ಅಂಗಡಿ ಮುಚ್ಚಿ ಡಾಕ್ಟರ ಕ್ಲಿನಿಕ್ಕಿಗೆ ಓಡಿದ್ದಳು. ದೂರು ಕೊಟ್ಟವರೇ ನೋಡಿದರೆ ಮನಸ್ಸು ಕರಗೀತು ಎಂಬ ಆಸೆ.

"ಕನ್ನಡಕ ಹಾಕ್ಕೊಂಡು ಎರಡು ನಿಮಿಷ ನೋಡಿದ್ರು ಮೇಡಂ. ಆಮೇಲೆ, ಇದನ್ನ ಯಾರಿಗೂ ತೋರಿಸ್ಬೇಡ, ನಿಮ್ಮಪ್ಪನಿಗೇ ತೊಂದರೆ ಅಂದ್ರು. ಅದಕ್ಕೇ ನಿಮ್ಮ ಹತ್ರ ತಂದೆ."

"ಬೇಡ ಅಂದಿದ್ದಕ್ಕೆ ತಂದ್ಯಾ?"

"ನೋವಾಗಲ್ಲ ಅಂತ ಹೇಳಿ ಹಲ್ಲು ಕೀಳೋರು ಅವರು. ಅವರ ಮಾತನ್ನ ಎಷ್ಟಂತ ನಂಬೋದು?"

ನಾನು ವರ್ನಿಯರ್ ತೆಗೆದುಕೊಂಡೆ. ತೂತಿನ ಅಗಲ ಎಂಟು ಮಿಲಿಮೀಟರು. ಬಿಲ್ಲೆಯ ದಪ್ಪ ೧.೬೫. ತಾಮ್ರ ನಿಕ್ಕಲ್ ಬೆರಕೆಯ ಸಾಂದ್ರತೆ ನನಗೆ ಮನೆಯ ಬಾಗಿಲ ಸಂಖ್ಯೆಯಷ್ಟೇ ಬಾಯಿಪಾಠ. ಕೊರೆದು ಬಿಸಾಡಿದ ಲೋಹ ಮುಕ್ಕಾಲು ಗ್ರಾಮಿಗೆ ಕೂದಲೆಳೆ ಕಡಿಮೆ. ಅದನ್ನು ಕೂಡಿಸಿದರೆ ೮.೩೬.

ಡಾಕ್ಟರ ನಾಣ್ಯದ ತಟ್ಟೆಯಲ್ಲಿ ಸಿಕ್ಕ ಕಪ್ಪೆ ತೂಗಿದ್ದು ೮.೪೧. ಉಳಿದ ಅಷ್ಟಿಷ್ಟನ್ನು ಬೋಲ್ಟು ತಿಂದಿತ್ತು.

ನಾಣ್ಯಗಳ ತೂಕ ಪರೀಕ್ಷಿಸುವ ನನ್ನ ಕಚೇರಿಯ ಪಟ್ಟಿಯಲ್ಲಿ ಕಪ್ಪೆಯ ತೂಕ ೯.೨೦. ಅಷ್ಟೊಂದು ಕಡಿಮೆ ಬಂದದ್ದರಿಂದಲೇ ಖೋಟಾ ಎಂದು ಬರೆದಿದ್ದೆ. ಆದರೆ ನಾಣ್ಯದ ಖೋಟಾ ಮಾಡುವವರಿದ್ದಾರೆ, ವಾಷರಿನ ಖೋಟಾ ಮಾಡುವವರು ಎಲ್ಲಿದ್ದಾರೆ? ಆ ವರ್ಷಗಳಲ್ಲಿ ಕಬ್ಬಿಣದ ಅಂಗಡಿಯ ವಾಷರಿಗಿಂತ ಐದು ಸಾವಿರದ ನಾಣ್ಯವೇ ಅಗ್ಗವಾಗಿತ್ತು. ಜನ ನಾಣ್ಯಕ್ಕೇ ತೂತು ಹೊಡೆದು ನಲ್ಲಿಗೆ, ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ ಹಾಕಿಕೊಂಡರು. ಇದು ಆ ಕಾಲದಲ್ಲಿ ತೂತು ಬಿದ್ದ ಅಸಲಿ ಕಪ್ಪೆ. ಅಂದರೆ ಟಂಕಸಾಲೆ ಯಾವಾಗಲೋ ಹಗುರ ಕಪ್ಪೆಯನ್ನೂ ಅಚ್ಚು ಹಾಕಿತ್ತು. ನನ್ನ ಪಟ್ಟಿಗೆ ಅದು ಗೊತ್ತಿರಲಿಲ್ಲ. ಪಟ್ಟಿಗೆ ಗೊತ್ತಿಲ್ಲದ್ದು ಲೋಕದಲ್ಲೇ ಇಲ್ಲ ಎಂದು ನಾನು ಬರೆದುಕೊಟ್ಟಿದ್ದೆ.

ವರದಿಯ ಎರಡನೆಯ ಪುಟದಲ್ಲಿ 'ಲೋಹ ಹೊಂದುತ್ತದೆ, ಕೆತ್ತನೆಯೂ ಹೊಂದುತ್ತದೆ' ಎಂದು ಬರೆದಿದ್ದು ನೆನಪಾಯಿತು. ಮೊದಲನೆಯ ಪುಟದಲ್ಲಿ 'ತೂಕ ಹೊಂದುವುದಿಲ್ಲ, ಆದ್ದರಿಂದ ಖೋಟಾ.' ಪೊಲೀಸರು ಓದುವುದು ಮೊದಲ ಪುಟವನ್ನು ಮಾತ್ರ. ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟೂ ತಿಳಿಯದವಳಲ್ಲ ನಾನು.

"ಏನಾಯ್ತು ಮೇಡಂ?" ಎಂದಳು ಅವಳು.

ನನ್ನದೇ ತಪ್ಪು ಎನ್ನುವ ಬದಲು, ಇವತ್ತು ಆರೋಪಪಟ್ಟಿ ಕೋರ್ಟಿಗೆ ಹೋಗುತ್ತದೆ, ನಾಲ್ಕು ಗಂಟೆಯೊಳಗೆ ಠಾಣೆಗೆ ಹೋಗಬೇಕು, ಈ ವಾಷರ್ ನನ್ನ ಹತ್ತಿರ ಇರಲಿ ಎಂದೆ. ಅವಳು ರಸೀದಿ ಕೇಳಿದಳು. ಬರೆದುಕೊಟ್ಟೆ. ಅದನ್ನು ಎರಡು ಸಲ ಓದಿ ಮಾತ್ರೆಯ ಚೀಲಕ್ಕೆ ಹಾಕಿಕೊಂಡು ನನ್ನ ಹಿಂದೆಯೇ ಹೊರಟಳು.

ದಾರಿಯುದ್ದಕ್ಕೂ ನಾನು ಡಾಕ್ಟರ ಆ ತಟ್ಟೆಯನ್ನೇ ನೆನೆಯುತ್ತಿದ್ದೆ. ನೀಲಿ ವೆಲ್ವೆಟ್ಟಿನಲ್ಲಿ ಹನ್ನೆರಡು ಗುಳಿ, ಹನ್ನೆರಡು ನಾಣ್ಯ. ಗೂಬೆಮೊಗ, ಸುರುಳಿ ಹಾವು, ಹಲ್ಲು ಕಿರಿದ ಕಲ್ಲುತಲೆ, ಬೆನ್ನ ಮೇಲೆ ಮೆಟ್ಟಿಲಿರುವ ಆಮೆ. ಎಲ್ಲವೂ ಬೆಲೆ ಏರಿದ ಆರು ವರ್ಷದೊಳಗಿನವು. ಬೆಳಿಗ್ಗೆ ಕೈಗೆ ಬಂದ ದುಡ್ಡು ಸಂಜೆಯೊಳಗೆ ಆವಿಯಾಗುತ್ತಿದ್ದ ಕಾಲ ಅದು; ಅದರ ಮೇಲಾದರೂ ಸಾವಿರಾರು ವರ್ಷ ಅಳಿಯದೆ ನಿಂತ ಏನನ್ನಾದರೂ ಕೆತ್ತೋಣ ಎಂದು ಯಾರಿಗೋ ಅನ್ನಿಸಿರಬೇಕು. ಕೆತ್ತಿದವರು ಅಚ್ಚಿನ ಮೇಷ್ಟ್ರು. ಹನ್ನೆರಡೂ ಅವರ ಕೈಯವು.

ಅನುಮಾನಕ್ಕೆ ಕಾರಣವಾದ ಆ ಭಾನುವಾರ ಅವರು ಡಾಕ್ಟರ ಮನೆಗೆ ಹೋಗಿದ್ದು ತಮ್ಮ ಕೆಲಸವನ್ನು ಇನ್ನೊಮ್ಮೆ ನೋಡಲು. ಡಾಕ್ಟರಿಗೆ ಫೋನು ಬಂದು ಅವರು ಹೊರಗೆ ಹೋದ ಹತ್ತು ನಿಮಿಷ ಮೇಷ್ಟ್ರು ತಟ್ಟೆಯೊಂದಿಗೆ ಒಬ್ಬರೇ ಇದ್ದರು. ಎರಡು ದಿನದ ಮೇಲೆ ವಿಮೆಯವನು ವರ್ಷಕ್ಕೊಮ್ಮೆಯ ತಪಾಸಣೆಗೆಂದು ಬಂದು ಒಂದೊಂದೇ ನಾಣ್ಯ ತೂಗಿದ. ಕಪ್ಪೆ ಕಡಿಮೆ ಬಂತು. ಅಸಲಿಯನ್ನು ಯಾರೋ ಬದಲಾಯಿಸಿದ್ದಾರೆ ಎಂದರು ಡಾಕ್ಟರು. ಯಾರು ಎಂಬುದನ್ನು ಹೇಳಲು ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

*

ಇನ್ಸ್‌ಪೆಕ್ಟರ್ ಊಟಕ್ಕೆ ಹೋಗಿದ್ದರು. ಆರೋಪಪಟ್ಟಿ ಟೈಪಾಗಿ ಮೇಜಿನ ಮೇಲಿತ್ತು. ನಾಲ್ಕು ಗಂಟೆಗೆ ಅದು ಕೋರ್ಟಿಗೆ ಹೋಗುತ್ತದೆ, ನಾಳೆ ಬೆಳಿಗ್ಗೆ ಮುದುಕರು ಜೈಲಿಗೆ ಹೋಗುತ್ತಾರೆ ಎಂದ ಪೇದೆ. ಆಮೇಲೆ ದನಿ ತಗ್ಗಿಸಿ, ರಾತ್ರಿಯೆಲ್ಲ ಕೆಮ್ಮುತ್ತಾರೆ ಮೇಡಂ, ಜೈಲಿನ ಗೋಡೆ ಇದಕ್ಕಿಂತ ತೇವ ಎಂದು ಸೇರಿಸಿದ. ಮಗಳನ್ನು ಒಳಗೆ ಬಿಡಲಿಲ್ಲ. ಮಾತ್ರೆಯನ್ನು ಮಾತ್ರ ಇಸಿದುಕೊಂಡ. ಅವಳು ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತಳು.

ಹಿಂದಿನ ಕೋಣೆಯಲ್ಲಿ ಮೇಷ್ಟ್ರು ಗೋಡೆಗೆ ಬೆನ್ನು ತಾಗಿಸದೆ ನೆಟ್ಟಗೆ ಕೂತಿದ್ದರು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದರು. ಕನ್ನಡಕವನ್ನು ಮೊದಲ ದಿನವೇ ಪೊಲೀಸರು ತೆಗೆದಿಟ್ಟುಕೊಂಡಿದ್ದರಂತೆ, ಗಾಜು ಒಳಗಿರಬಾರದೆಂಬ ನಿಯಮ.

ನಾನು ಯಾರೆಂದು ಹೇಳಿದೆ. ನನ್ನ ವರದಿಯಿಂದಲೇ ನೀವು ಇಲ್ಲಿದ್ದೀರಿ ಎಂದೂ ಹೇಳಿದೆ. ಅಷ್ಟು ಹೇಳಿದ ಮೇಲೆ ಮುಂದಿನದು ಸುಲಭವಾದೀತು ಎಂದುಕೊಂಡಿದ್ದೆ. ಆಗಲಿಲ್ಲ.

"ತೂಕದ ಕಚೇರಿಯವರಾ? ಕೂತ್ಕೊಳ್ಳಿ ತಾಯಿ" ಎಂದು ಅವರು ಚಾಪೆಯಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ವಾಷರನ್ನು ಅವರ ಅಂಗೈಯಲ್ಲಿಟ್ಟೆ. ಕಣ್ಣಿನ ಹತ್ತಿರ ಒಯ್ಯಲೇ ಇಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು, ಅಷ್ಟೆ. ಮುಖ ಸುಣ್ಣವಾಯಿತು.

"ಇದು ನಿಮಗೆ ಎಲ್ಲಿ ಸಿಕ್ತು?"

ಮಗಳೇ ತಂದಳೆಂದೆ. ನಿಮ್ಮನ್ನು ಬಿಡಿಸಲು ತಂದಳು, ಇದರಿಂದಲೇ ನನ್ನ ತಪ್ಪು ನನಗೆ ಗೊತ್ತಾಯಿತು, ಡಾಕ್ಟರ ತಟ್ಟೆಯಲ್ಲಿದ್ದದ್ದು ಖೋಟಾ ಅಲ್ಲ, ಟಂಕಸಾಲೆಯದೇ ಹಗುರ ಕಪ್ಪೆ. ಇನ್ನು ಅರ್ಧ ಗಂಟೆಯಲ್ಲಿ ವರದಿ ತಿದ್ದಿ ಬರೆದುಕೊಡುತ್ತೇನೆ ಎಂದೆ. ಹೇಳುತ್ತಾ ಹೇಳುತ್ತಾ ನನ್ನ ಎದೆಯ ಭಾರ ಇಳಿಯುತ್ತಿತ್ತು. ಕ್ಷಮೆ ಕೇಳಿದವರಿಗೆ ಆಗುವ ಆ ಸುಖ ಎಷ್ಟು ಅಗ್ಗದ್ದು ಎಂದು ತಿಳಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

"ತಿದ್ದಬೇಡಿ" ಎಂದರು ಅವರು.

"ಯಾಕೆ?"

"ಖೋಟಾ ಅಂತಲೇ ಇರಲಿ. ಖೋಟಾನ ಯಾರು ಬೇಕಾದ್ರೂ ಮಾಡಬಹುದು. ನಾನೇ ಮಾಡಿದೆ ಅಂತ ತೋರಿಸೋಕೆ ಅವರ ಹತ್ರ ಏನಿದೆ? ನನ್ನ ಕೈ ನೋಡಿ." ಕೈ ಚಾಚಿದರು. ಬೆರಳುಗಳು ತಂತಿಯಂತೆ ನಡುಗುತ್ತಿದ್ದವು. "ಈ ಕೈಯಲ್ಲಿ ಚಮಚ ನಿಲ್ಲಲ್ಲ. ವಕೀಲರು ಅಷ್ಟು ಹೇಳಿದ್ರೆ ಸಾಕು, ಎರಡು ತಿಂಗಳಲ್ಲಿ ಬಿಡ್ತಾರೆ. ಹಗುರ ಕಪ್ಪೆ ಅಂತ ನೀವು ಬರೆದ್ರೆ ಕತೆ ಬೇರೆ."

ಹಗುರ ಕಪ್ಪೆಯ ಕತೆಯನ್ನು ಅವರು ತುಂಡು ತುಂಡಾಗಿ, ಕೆಮ್ಮಿನ ನಡುವೆ ಹೇಳಿದರು. ನಿಕ್ಕಲಿನ ಬೆಲೆಯೂ ದಿನದಿನಕ್ಕೆ ಏರುತ್ತಿದ್ದರಿಂದ ಬಿಲ್ಲೆಯನ್ನು ತೆಳುವಾಗಿಸಲು ಮೇಲಿನಿಂದ ಬಾಯಿಮಾತಿನ ಆಜ್ಞೆ ಬಂತು. ಆಗೆಲ್ಲ ನಾಣ್ಯ ಮೊದಲು, ಆಜ್ಞಾಪತ್ರ ಆಮೇಲೆ. ಮೂರು ವಾರ ಅಚ್ಚು ಹಾಕಿದರು. ಅಷ್ಟರಲ್ಲಿ ಐದು ಸಾವಿರಕ್ಕೆ ಬಸ್ಸಿನ ಟಿಕೆಟ್ಟೂ ಬರದಂತಾಯಿತು. ಒಂದು ನಾಣ್ಯವೂ ಹೊರಗೆ ಹೋಗದಂತೆ ಇಡೀ ರಾಶಿಯನ್ನು ಮತ್ತೆ ಕರಗಿಸಿದರು. ಆಜ್ಞಾಪತ್ರ ಅಚ್ಚಾಗಲೇ ಇಲ್ಲ. ಹಾಗಾಗಿ ನನ್ನ ಪಟ್ಟಿಗೂ ಏರಲಿಲ್ಲ.

"ಕರಗಿಸೋ ದಿನ ತಿರಸ್ಕಾರದ ಡಬ್ಬದಿಂದ ಏಳು ಜೇಬಿಗೆ ಹಾಕ್ಕೊಂಡೆ" ಎಂದರು. "ಕದ್ದೆ ಅನ್ನಿ. ಬೆಲೆ ಬಾಳುತ್ತೆ ಅಂತಲ್ಲ. ಕಪ್ಪೆ ಕೆತ್ತೋಕೆ ನನಗೆ ಐದು ತಿಂಗಳು ಹಿಡಿದಿತ್ತು. ಆರಕ್ಕೆ ತೂತು ಹೊಡೆದು ವಾಷರ್ ಮಾಡ್ಕೊಂಡೆ. ಇನ್ನೊಂದನ್ನ ಮಗಳ ಕೈಗೆ ಕೊಟ್ಟೆ. ಎಂಟು ವರ್ಷದ ಹುಡುಗಿ ಆಗ, ಕುಂಟಾಬಿಲ್ಲೆ ಆಡೋಕೆ ಬೇಕು ಅಂತ ಹಟ ಮಾಡಿದ್ಲು."

ಅವರು ಮುಂದೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವರ ಲೆಕ್ಕದಲ್ಲಿ ತೂತಿಲ್ಲದ ಹಗುರ ಕಪ್ಪೆ ಇಡೀ ದೇಶದಲ್ಲಿ ಮಗಳ ಹತ್ತಿರ ಮಾತ್ರ ಇದ್ದದ್ದು. ಅದೀಗ ಡಾಕ್ಟರ ತಟ್ಟೆಯಲ್ಲಿ ಕಾಣಿಸಿಕೊಂಡಿದೆ. ಡಾಕ್ಟರ ಮನೆಯ ಬೀಗಕ್ಕೆ ಹೋದ ತಿಂಗಳು ಹೊಸ ಕೈ ಮಾಡಿಕೊಟ್ಟವಳು ಇವರ ಮಗಳು ಎಂಬುದೂ ಕಡತದಲ್ಲಿತ್ತು.

"ಅವಳೇ ಬದಲಾಯಿಸಿದಳು ಅಂತ ನಿಮಗೆ ಅನ್ಸುತ್ತಾ?"

"ನನಗೇನೂ ಅನ್ನಿಸೋದು ಬೇಡ ತಾಯಿ. ನನಗೆ ಎಪ್ಪತ್ತಾರು. ಜೈಲಿಗೆ ಹೋದ್ರೆ ಅಲ್ಲೂ ಚಾಪೆ ಕೊಡ್ತಾರೆ. ಅವಳಿಗೆ ಶಾಲೆಗೆ ಹೋಗೋ ಮಕ್ಕಳಿದ್ದಾರೆ. ನೀವು ತಪ್ಪು ಮಾಡಿದ್ದು ನನ್ನ ಪುಣ್ಯ. ಹಾಗೇ ಬಿಟ್ಟುಬಿಡಿ."

ನನ್ನ ತಪ್ಪನ್ನು ಯಾರೂ ಇಷ್ಟು ಅಂಗಲಾಚಿ ಕೇಳಿರಲಿಲ್ಲ. ಬಿಟ್ಟುಬಿಡುವುದು ಎಷ್ಟು ಸುಲಭ ಎಂದು ಒಂದು ಕ್ಷಣ ಯೋಚಿಸಿದೆನೆಂದು ಒಪ್ಪಿಕೊಳ್ಳಬೇಕು. ನಿವೃತ್ತಿಗೆ ಎರಡು ವರ್ಷ. ತಿದ್ದುಪಡಿ ಇಲ್ಲ, ವಿಚಾರಣೆ ಇಲ್ಲ. ಹಾನಿಗೊಳಗಾದವರೇ ಬೇಡ ಎನ್ನುತ್ತಿದ್ದಾರೆ.

ವಾಷರನ್ನು ಹಿಂದಕ್ಕೆ ತೆಗೆದುಕೊಳ್ಳುವಾಗ ಅದರ ಮೇಲಿನ ಗೆರೆ ಉಗುರಿಗೆ ತಾಕಿತು. ಬಲಗಣ್ಣಿನಿಂದ ಅಂಚಿನವರೆಗೆ ಹೋದ ಸಣ್ಣ ಗೆರೆ. ಕಚೇರಿಯಲ್ಲಿ ಅದನ್ನು ಸ್ಪ್ಯಾನರಿನ ಗೀರು ಎಂದುಕೊಂಡಿದ್ದೆ. ಗೀರಾದರೆ ತಗ್ಗಾಗಿರಬೇಕು. ಇದು ಉಬ್ಬಿತ್ತು.

"ಈ ಗೆರೆ ಏನು ಮೇಷ್ಟ್ರೇ?"

"ಅಚ್ಚು ಬಿರುಕು ಬಿಟ್ಟಿದ್ದು. ಮೂರನೇ ದಿನ ಬಿಟ್ಟಿತು, ಬೇರೆ ಅಚ್ಚಿಲ್ಲದೆ ಕೊನೇವರೆಗೂ ಅದರಲ್ಲೇ ಹೊಡೆದ್ವಿ. ಬಿರುಕಿನೊಳಕ್ಕೆ ಲೋಹ ನುಗ್ಗಿದರೆ ನಾಣ್ಯದ ಮೇಲೆ ಹೀಗೆ ಉಬ್ಬುತ್ತೆ. ಅದು ಹೆಚ್ಚಾದದ್ದಕ್ಕೇ ಇವು ತಿರಸ್ಕಾರದ ಡಬ್ಬಕ್ಕೆ ಬಿದ್ದಿದ್ದು."

"ನೀವು ತಂದ ಏಳರಲ್ಲೂ ಇತ್ತಾ?"

"ಏಳರಲ್ಲೂ. ಮಗಳದ್ದರಲ್ಲಂತೂ ಕಣ್ಣೇ ಸೀಳಿದಂತಿತ್ತು. ಕಪ್ಪೆ ಅಳ್ತಿದೆ ಅಂತಿದ್ಲು."

ಡಾಕ್ಟರ ಕಪ್ಪೆಯನ್ನು ನಾನು ಭೂತಗನ್ನಡಿಯ ಕೆಳಗೆ ಎರಡು ಗಂಟೆ ನೋಡಿದ್ದೆ. ಕಣ್ಣಿನ ಸುತ್ತ ಇದ್ದ ಹದಿನಾರು ಚುಕ್ಕೆಗಳನ್ನು ಎಣಿಸಿದ್ದೆ. ಕಣ್ಣಿನಿಂದ ಅಂಚಿನವರೆಗೆ ಕನ್ನಡಿಯಷ್ಟು ನುಣುಪು. ಯಾವ ಗೆರೆಯೂ ಇರಲಿಲ್ಲ.

ಹಾಗೆಂದೆ. ಅವರು ನಂಬಲಿಲ್ಲ. ಮತ್ತೊಮ್ಮೆ ಹೇಳಿಸಿದರು. ಮೂರನೆಯ ಸಲ ಕೇಳಿದಾಗ ಅವರ ದನಿ ಒಡೆದಿತ್ತು.

"ಹಾಗಾದ್ರೆ ಅದು ನನ್ನ ಮಗಳದ್ದಲ್ಲ."

"ಅಲ್ಲ. ಅವಳಿಗೆ ಏನೂ ಆಗಲ್ಲ ಮೇಷ್ಟ್ರೇ. ನಾನು ಬರೆದುಕೊಡ್ತೀನಿ."

ಮೇಷ್ಟ್ರು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ ಆ ಮುಖದಲ್ಲಿ ಹಳೆಯ ಕಸುಬುದಾರ ಎಚ್ಚೆತ್ತ. ಬಿರುಕಿಲ್ಲದ್ದು ಅಂದರೆ ಮೊದಲ ಎರಡು ದಿನದ್ದು. ಆ ಎರಡು ದಿನದ ಮಾಲು ಸೀಲು ಹಾಕಿದ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಸಮೇತ ಕುಲುಮೆಗೆ ಹೋಯಿತು, ತಾವೇ ನಿಂತು ನೋಡಿದ್ದು ಎಂದರು. ಹೊರಗೆ ಬಂದದ್ದು ಎಂದರೆ—

ಅಲ್ಲಿಗೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ಕನ್ನಡಕವಿಲ್ಲದ ಆ ಕಣ್ಣುಗಳಿಗೆ ನನ್ನ ಮುಖ ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ.

"ಹೊಸ ಅಚ್ಚಿನ ಮೊದಲ ಎರಡು ನಾಣ್ಯ ಮಾದರಿಗೆ ಅಂತ ಹೋಗುತ್ತೆ. ಯಾವಾಗಲೂ. ಅದು ನಿಮ್ಮ ಕಚೇರಿಗೆ ತಾನೇ ತಾಯಿ?"

ನಮ್ಮ ಕಚೇರಿಗೇ. ಬಲಗಡೆಯ ಉಕ್ಕಿನ ಬೀರು, ಮೂರನೆಯ ಅರೆ, ಕಂದು ಲಕೋಟೆಗಳು. ಆ ಲಕೋಟೆಗಳು ಅಲ್ಲೇ ಇದ್ದು, ಪಟ್ಟಿಯ ಬದಲು ಅವನ್ನು ನೋಡಿದ್ದರೆ ಈ ಮುದುಕರು ನಾಲ್ಕು ರಾತ್ರಿ ಇಲ್ಲಿ ಕೆಮ್ಮುತ್ತಿರಲಿಲ್ಲ. ಆದರೆ ಆ ಅರೆ ಈಗ ಖಾಲಿ.

"ಅವು ಈಗ ಎಲ್ಲಿವೆ?"

"ಹನ್ನೊಂದು ವರ್ಷದ ಹಿಂದೆ ಕರಗಿಸಿಬಿಟ್ವಿ. ಜಾಗ ಇಲ್ಲ ಅಂತ ಆಜ್ಞೆ ಬಂದಿತ್ತು."

"ಕರಗಿಸಿದ್ದನ್ನ ನೀವು ನೋಡಿದ್ರಾ?"

ಒಳಗೆ ಬಂದಾಗಿನಿಂದ ಅವರು ನನ್ನನ್ನು ಕೇಳಿದ ಅತ್ಯಂತ ಮೆತ್ತಗಿನ ಪ್ರಶ್ನೆ ಅದು.

ನೋಡಿರಲಿಲ್ಲ. ಆ ವಾರ ಕಚೇರಿಯ ಕುಲುಮೆಯ ಸುರುಳಿ ಸುಟ್ಟುಹೋಗಿತ್ತು. ಎರಡು ಬೀದಿಯಾಚೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹಲ್ಲಿನ ಕ್ಯಾಪು ಎರಕ ಹೊಯ್ಯುವ ಸಣ್ಣ ಕುಲುಮೆ ಇತ್ತು. ತಂದುಕೊಡಿ, ಅರ್ಧ ಗಂಟೆಯ ಕೆಲಸ ಎಂದು ಅವರೇ ಹೇಳಿದ್ದರು. ನನಗೆ ದವಡೆ ಹಲ್ಲು ಮೂರು ದಿನದಿಂದ ಪ್ರಾಣ ತೆಗೆಯುತ್ತಿತ್ತು. ಮಾದರಿಗಳ ಚೀಲವನ್ನು ಅವರ ಕೈಗೆ ಕೊಟ್ಟು, ಚುಚ್ಚುಮದ್ದು ಹಾಕಿಸಿಕೊಂಡು, ಮರಗಟ್ಟಿದ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿದ್ದೆ. ಕುಲುಮೆ ಪಕ್ಕದ ಕೋಣೆಯಲ್ಲಿ ಗುಂಯ್‌ಗುಟ್ಟುತ್ತಿತ್ತು. ಅವರು ನಡುನಡುವೆ ಎದ್ದು ಹೋಗಿ ಬರುತ್ತಿದ್ದರು. ಕೊನೆಗೆ ಒಂದು ಬಟ್ಟಲಲ್ಲಿ ನನ್ನ ಹಲ್ಲು, ಇನ್ನೊಂದರಲ್ಲಿ ಇನ್ನೂ ಬಿಸಿಯಿದ್ದ ಲೋಹದ ಗಟ್ಟಿ ತಂದು ತೋರಿಸಿದರು. ಕಾಗದದ ಮೇಲೆ 'ನನ್ನ ಸಮಕ್ಷಮದಲ್ಲಿ ಕರಗಿಸಲಾಯಿತು' ಎಂದು ಬರೆದು ಸಹಿ ಮಾಡಿದೆ. ಒಂದು ಪ್ರತಿ ನನಗೆ, ಒಂದು ಅವರಿಗೆ.

ಮೇಷ್ಟ್ರು ನೀರಿನ ಲೋಟ ಎತ್ತಿಕೊಡಲು ಹೋದರು, ಕೈ ನಡುಗಿ ಅರ್ಧ ಚೆಲ್ಲಿತು. ಉಳಿದರ್ಧವನ್ನು ನಾನು ಕುಡಿದೆ.

*

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಎರಡು ಪುಟ ಬರೆದು ಮುಗಿಸಿದ್ದೆ. ಈ ಸಲ ಮುಖ್ಯವಾದದ್ದನ್ನು ಮೊದಲ ಪುಟದಲ್ಲೇ ಬರೆದೆ. ತಟ್ಟೆಯಲ್ಲಿದ್ದದ್ದು ಅಸಲಿ ಹಗುರ ಕಪ್ಪೆ. ನನ್ನ ಹಿಂದಿನ ವರದಿ ತಪ್ಪು. ವಾಷರಿನ ತೂಕದ ಲೆಕ್ಕ, ಬಿರುಕಿನ ಗೆರೆ. ಅದು ನಮ್ಮ ಕಚೇರಿಯ ಮಾದರಿಯೇ ಇರಬೇಕೆಂಬುದು. ಕೊನೆಗೆ, ಕರಗಿಸುವಾಗ ನಾನು ಆ ಕೋಣೆಯಲ್ಲಿ ಇರಲಿಲ್ಲ ಎಂಬುದು. ಈ ಕೊನೆಯ ಸಾಲು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ವಿಮೆಯವನು ತೂಗಿದ ದಿನ ಡಾಕ್ಟರು ಅಷ್ಟು ಬೇಗ ಒಬ್ಬರ ಹೆಸರು ಹೇಳಿದ್ದೇಕೆ ಎಂಬುದು ಬರೆಯುತ್ತಿದ್ದಂತೆ ನನಗೆ ಕಂಡಿತ್ತು. ತಮ್ಮ ಭಾರದ ಕಪ್ಪೆಯನ್ನು ಅವರು ಹಿಂದಿನ ವರ್ಷದ ತಪಾಸಣೆಯಾದ ಮೇಲೆ ಮಾರಿರಬೇಕು. ನನ್ನ ಚೀಲದಿಂದ ತೆಗೆದಿಟ್ಟುಕೊಂಡದ್ದನ್ನು ಆ ಗುಳಿಯಲ್ಲಿ ಕೂರಿಸಿರಬೇಕು. ಅದು ಹಗುರವೆಂದು ಅವರಿಗೇ ಗೊತ್ತಿರಲಿಲ್ಲ. ತೂಗಿದಾಗ ಗೊತ್ತಾಯಿತು. ಎಲ್ಲಿಂದ ಬಂತೆಂದು ಹೇಳುವಂತಿರಲಿಲ್ಲ.

ಇನ್ಸ್‌ಪೆಕ್ಟರ್ ಎರಡೂ ಪುಟ ಓದಿದರು. ನಿಧಾನವಾಗಿ, ಎರಡನೆಯ ಪುಟವನ್ನೂ ಬಿಡದೆ. ಆಮೇಲೆ ಡ್ರಾಯರ್ ಎಳೆದು ಒಂದು ಹಳೆಯ ಕಾಗದವನ್ನು ನನ್ನ ಮುಂದಿಟ್ಟರು. ಹಲ್ಲಿನ ಡಾಕ್ಟರು ಬೆಳಿಗ್ಗೆ ಒಂಬತ್ತಕ್ಕೇ ಬಂದು ಹೇಳಿಕೆ ಕೊಟ್ಟು, ಇದನ್ನೂ ಕೊಟ್ಟು ಹೋಗಿದ್ದಾರೆ ಎಂದರು.

ನನ್ನ ಅಕ್ಷರ. ನನ್ನ ಸಹಿ. ನಲವತ್ತಾರು ಮಾದರಿಗಳ ಪಟ್ಟಿ, ಕೆಳಗೆ ಕರಗಿಸುವ ಮುಂಚಿನ ಒಟ್ಟು ತೂಕ, ಕರಗಿಸಿದ ಮೇಲಿನ ತೂಕ. ಎರಡರ ನಡುವಿನ ವ್ಯತ್ಯಾಸದ ಮುಂದೆ ನಾನೇ ಬರೆದಿದ್ದೆ: 'ಕಿಟ್ಟದಲ್ಲಿ ನಷ್ಟ, ೧೭ ಗ್ರಾಂ.'

ಎರಡು ಹಗುರ ಕಪ್ಪೆಗಳ ತೂಕ ಹದಿನಾರೂ ಮುಕ್ಕಾಲು. ಉಳಿದದ್ದಷ್ಟೇ ಕಿಟ್ಟ. ಹನ್ನೊಂದು ವರ್ಷದ ಹಿಂದೆ ಅಂಕಿ ಕಣ್ಣೆದುರಿಗೇ ಇತ್ತು. ನಾನು ಅದಕ್ಕೆ ಒಂದು ಹೆಸರು ಕೊಟ್ಟು ಸುಮ್ಮನಾಗಿದ್ದೆ.

"ಆ ಹದಿನೇಳು ಗ್ರಾಂನ ನೀವೇ ಇಟ್ಕೊಂಡ್ರಿ ಅಂತಾರೆ ಡಾಕ್ಟರು" ಎಂದರು ಇನ್ಸ್‌ಪೆಕ್ಟರ್. "ಅವರು ಬರೀ ಕುಲುಮೆ ಹಚ್ಚಿಕೊಟ್ಟರಂತೆ."

"ನಾನು ಆ ಕೋಣೆಯಲ್ಲೇ ಇರಲಿಲ್ಲ ಅಂತ ಬರೆದಿದ್ದೀನಲ್ಲ."

"ಎದುರಿಗಿದ್ದೆ ಅಂತಲೂ ನೀವೇ ಬರೆದಿದ್ದೀರಿ. ನಾಲ್ಕು ದಿನದ ಹಿಂದೆ ಖೋಟಾ ಅಂದ್ರಿ, ಇವತ್ತು ಅಸಲಿ ಅಂತೀರಿ. ಇಷ್ಟರಲ್ಲಿ ಯಾವ ಮೇಡಂನ ನಂಬಲಿ ನಾನು?"

ಇನ್ನೊಂದು ಕಪ್ಪೆ ಡಾಕ್ಟರ ಹತ್ತಿರವೇ ಇದೆ, ಹುಡುಕಿಸಿ ಎಂದೆ. ಬಿರುಕಿನ ಗೆರೆಯ ವಿಷಯವನ್ನು ಇನ್ನೊಮ್ಮೆ ಹೇಳಿದೆ. ಬಿರುಕು ಮೂರನೆಯ ದಿನ ಬಂತೆಂದು ಹೇಳುವವರು ಆರೋಪಿ ಒಬ್ಬರೇ, ಅವರ ಜೊತೆ ನೀವು ಅರ್ಧ ಗಂಟೆ ಒಳಗೆ ಕೂತಿದ್ದೂ ಪುಸ್ತಕದಲ್ಲಿ ಬರೆದಾಗಿದೆ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನನ್ನ ಕಾಗದವನ್ನು ಮಡಿಸದೆ ಆರೋಪಪಟ್ಟಿಯ ಮೇಲಿಟ್ಟು ಪಿನ್ನು ಚುಚ್ಚಿದರು.

"ಬೆಳಿಗ್ಗೆ ಡಾಕ್ಟರು ಹೇಳಿದಾಗ ನಾನು ಒಪ್ಪಲಿಲ್ಲ ಮೇಡಂ. ಮಗಳ ಅಂಗಡಿಯಲ್ಲಿ ಇಂಥದ್ದೇ ನಾಣ್ಯ ಇದೆ, ನಿನ್ನೆ ನನಗೇ ತೋರಿಸಿದಳು, ಅಪ್ಪ, ಮಗಳು, ತೂಕದ ಮೇಡಂ ಎಲ್ಲ ಸೇರಿಯೇ ಮಾಡಿದ್ದು ಅಂದ್ರು. ತಟ್ಟೆಯಲ್ಲಿದ್ದದ್ದು ಖೋಟಾ ಅಂತ ನಿಮ್ಮ ವರದಿ ಇರೋವಾಗ ಆ ವಾಷರಿಗೂ ಇದಕ್ಕೂ ಏನು ಸಂಬಂಧ ಅಂತ ವಾಪಸ್ ಕಳಿಸಿದೆ. ಎರಡೂ ಒಂದೇ ಜಾತಿ ಅಂತ ಈಗ ನೀವೇ ಬರೆದುಕೊಟ್ರಿ. ವಾಷರೂ ನಿಮ್ಮ ಕೈಯಲ್ಲೇ ಇದೆ."

ಪೇದೆಯನ್ನು ಕರೆದು, ಗೇಟಿನ ಹತ್ತಿರ ಕೂತಿರುವ ಹೆಂಗಸನ್ನು ಒಳಗೆ ಕರೆತಾ ಎಂದರು.

ನಾನು ಎದ್ದು ನಿಂತೆ. ಏನು ಹೇಳಿದೆನೋ ನೆನಪಿಲ್ಲ. ಅವಳು ಮಕ್ಕಳ ತಾಯಿ ಎಂದೋ, ವಾಷರ್ ತಂದದ್ದು ತಂದೆಯನ್ನು ಬಿಡಿಸಲು ಎಂದೋ. ಇನ್ಸ್‌ಪೆಕ್ಟರ್ ನನಗೂ ಕೂರಲು ಕೈ ತೋರಿಸಿದರು. ಕುರ್ಚಿಯನ್ನಲ್ಲ, ಗೋಡೆಯ ಪಕ್ಕದ ಬೆಂಚನ್ನು.

ಅವಳು ಬಂದಳು. ಒಳಗೆ ಬಿಡುತ್ತಿದ್ದಾರೆಂದರೆ ಅಪ್ಪನ ಬಿಡುಗಡೆಯಾಯಿತು ಎಂದೇ ತಿಳಿದಿದ್ದಳು, ಮುಖ ಅರಳಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ಕೈಮುಗಿದಳು. "ಅಪ್ಪ ಎಲ್ಲಿ ಮೇಡಂ? ಆಟೋ ತರಿಸ್ಲಾ?"

ನನಗೆ ಅವಳ ಮುಖ ನೋಡಲಾಗಲಿಲ್ಲ.

ಅವಳ ದನಿ ಹಿಂದಿನ ಕೋಣೆಗೂ ಕೇಳಿಸಿರಬೇಕು. ಅಲ್ಲಿ ಕೆಮ್ಮು ನಿಂತಿತು. ಯಾರೋ ಸರಳು ಹಿಡಿದು ಕಷ್ಟಪಟ್ಟು ಎದ್ದು ನಿಂತ ಸದ್ದು. ಆಮೇಲೆ ಅಚ್ಚಿನ ಮೇಷ್ಟ್ರು ಕೂಗಿದರು. ಮಗಳನ್ನಲ್ಲ, ನನ್ನನ್ನು.

"ತಾಯಿ, ಏನು ಬರೆದುಕೊಟ್ರಿ?"